ತೋಟದ ರೈಟರ್ ವಿಯೆಟ್ನಾಮಿಗೆ ಹೋಗಿ ಸಾಹಿತಿಯಾದದ್ದು

ಗಾಳಿಬೀಡು, ಹೊರಡುವ ಮುಂಚೆ

ಜನ ವಿದೇಶಕ್ಕೆ ಹೋಗುವುದು ತಮ್ಮ ಊರಲ್ಲಿ ಇಲ್ಲದ್ದನ್ನು ನೋಡಲಿಕ್ಕೆ. ಯಾರೋ ಹಿಮ ನೋಡಿ ಬರುತ್ತಾರೆ, ಯಾರೋ ವಾಲಿದ ಗೋಪುರಕ್ಕೆ ಕೈ ಆನಿಸಿದ ಹಾಗೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ನಾನು ಐವತ್ತೆಂಟನೇ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿ, ಜೀವಮಾನದಲ್ಲೇ ಮೊದಲ ಸಲ ವಿಮಾನ ಹತ್ತಿ, ಸಮುದ್ರ ದಾಟಿ ಹೋಗಿ ನೋಡಿದ್ದು ಕಾಫಿ ಗಿಡ. ಅದರ ಪಕ್ಕದಲ್ಲಿ ಕರಿಮೆಣಸು. ನಮ್ಮ ಮನೆಯ ಬಚ್ಚಲಿನ ಕಿಟಕಿ ತೆರೆದರೂ ಕಾಣುವುದು ಇವೇ ಎರಡು.

ಹೆಂಡತಿ ದೇವಕಿ ಇದನ್ನು ಹೊರಡುವ ದಿನವೇ ಹೇಳಿದ್ದಳು. ನಮ್ಮ ಮನೆಮಾತು ಅರೆಭಾಷೆ. ಆ ಮಾತಿನಲ್ಲಿ ಬೈದರೂ ಹೊರಗಿನವರಿಗೆ ಉಪಚಾರ ಮಾಡಿದ ಹಾಗೆ ಕೇಳುತ್ತದೆ. "ಅಲ್ಲ ಮಾರಾಯ್ರೆ, ಕಾಫಿ ತೋಟ ನೋಡಿಕೆ ವಿಮಾನಲಿ ಹೋಕಾ? ಜಗಲಿಲಿ ಕುದ್ದು ನೋಡಿರೆ ಕಾಣ್ದಿಲ್ಲೆನಾ?" ಎಂದು ಕೇಳುತ್ತಲೇ ಚೀಲಕ್ಕೆ ಒಂದು ಡಬ್ಬಿ ಮಾವಿನಮಿಡಿ ಉಪ್ಪಿನಕಾಯಿ ತುರುಕಿದಳು. ಹೋಗಬೇಕೆಂದು ನಾನು ಕೇಳಿರಲಿಲ್ಲ. ಕಳಿಸುತ್ತಿದ್ದವರು ಸಾವ್ಕಾರ್ರು.

ಅವರ ತೋಟದಲ್ಲಿ ನಾನು ಮೂವತ್ತೊಂದು ವರ್ಷದಿಂದ ರೈಟರ್. ಕೊಡಗಿನಾಚೆಯ ಓದುಗರಿಗೆ ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ತೋಟಗಳಲ್ಲಿ ರೈಟರ್ ಎಂದರೆ ಲೇಖಕ ಅಲ್ಲ. ಬೆಳಿಗ್ಗೆ ಕೆಲಸದವರ ಲೈನ್‌ಮನೆಗಳ ಮುಂದೆ ನಿಂತು ಅವರ ಹೆಸರು ಕರೆಯುವವನು. ಯಾರು ಬಂದರು, ಯಾರು ಬರಲಿಲ್ಲ, ಯಾವ ಸಾಲಿನಲ್ಲಿ ಎಷ್ಟು ಗಿಡ ಸತ್ತವು ಎಂದು ಪುಸ್ತಕದಲ್ಲಿ ಬರೆದಿಡುವವನು. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಅತಿ ಉದ್ದದ ವಾಕ್ಯ "ಮಳೆ ಜಾಸ್ತಿ, ಮಧ್ಯಾಹ್ನದ ಮೇಲೆ ಕೆಲಸ ಇಲ್ಲ" ಎಂಬುದು.

ಸಾವ್ಕಾರ್ರ ತಲೆಗೆ ಎರಡು ವರ್ಷದಿಂದ ವಿಯೆಟ್ನಾಂ ಹೊಕ್ಕಿತ್ತು. ಅಲ್ಲಿ ಕಾಫಿಗೆ ಮರದ ನೆರಳೇ ಇಲ್ಲವಂತೆ. ಬಟಾಬಯಲಲ್ಲಿ, ಉರಿಬಿಸಿಲಿಗೆ, ಕೊಂಬೆ-ರೆಕ್ಕೆ ಮುರಿಯುವಷ್ಟು ಕಾಯಿ ಬಿಡುತ್ತದಂತೆ. ಮೆಣಸಿನ ಬಳ್ಳಿ ಮರಕ್ಕಲ್ಲ, ಕಾಂಕ್ರೀಟ್ ಕಂಬಕ್ಕೆ ಹಬ್ಬುತ್ತದಂತೆ. "ನಾವು ಸಾಕ್ತಾ ಇರೋದು ಕಾಫಿ ಅಲ್ಲ ಹೊನ್ನಪ್ಪ, ಮರ" ಎಂದು ದಿನಕ್ಕೊಮ್ಮೆ ನನಗೆ ಹೇಳುತ್ತಿದ್ದರು. ಕೊನೆಗೆ ತೋಟದ ಮೇಲಿನ ಪಾಲಿನ ಹಳೆ ಮರಗಳನ್ನೆಲ್ಲ ಕಡಿಸುವುದೆಂದು ಆಯಿತು. ಹಲಸು, ನಂದಿ, ಅತ್ತಿ, ಎರಡು ಗೋಳಿಮರ. ಅನುಮತಿಯ ಕಾಗದವೂ ಬಂತು. ನಾನೇ ಬಿಳಿ ಪೈಂಟಿನ ಡಬ್ಬಿ ಹಿಡಿದುಕೊಂಡು ಹೋಗಿ ಒಂದೊಂದರ ಬುಡಕ್ಕೂ ನಂಬರ್ ಬರೆದೆ. ನೂರಾ ಹನ್ನೆರಡು ಮರ. ನಾನು ಹುಟ್ಟುವ ಮುಂಚೆಯೇ ದೊಡ್ಡದಾಗಿದ್ದ ಮರಗಳಿಗೆ ಆ ಬಣ್ಣ ಬಳಿಯುವಾಗ ಕುಂಚ ಎಸೆದು ಬಂದುಬಿಡೋಣ ಎನಿಸಿತು. ಆದರೂ ಬಳಿದೆ.

ಕೊನೆ ಗಳಿಗೆಯಲ್ಲಿ ಸಾವ್ಕಾರ್ರಿಗೂ ಅಳುಕಾಯಿತು. ಅಷ್ಟರಲ್ಲಿ ಬೆಳೆಗಾರರ ಕೂಟವೊಂದು ವಿಯೆಟ್ನಾಮಿಗೆ ಪ್ರವಾಸ ಹೊರಡಿಸಿತು. ಸಾವ್ಕಾರ್ರಿಗೆ ಮಂಡಿನೋವು. ನನ್ನನ್ನು ಆಫೀಸಿಗೆ ಕರೆದು ಹೇಳಿದರು: "ನೀನು ಹೋಗಿ ಕಣ್ಣಾರೆ ನೋಡಿ ಬಾ. ಜನ ಹೇಳೋದು ಹೌದಾದರೆ ಹೌದು ಅನ್ನು, ಮಾರನೇ ದಿನವೇ ಮರ ಕಡಿಯೋ ಮಿಷನ್ ತರಿಸ್ತೇನೆ. ಅಲ್ಲ ಅಂದ್ರೆ ಅಲ್ಲ. ನಿನ್ನ ಮಾತಿನ ಮೇಲೆ ಬಿಟ್ಟಿದ್ದೇನೆ."

ವಿಮಾನ ನಿಲ್ದಾಣ

ವೀಸಾದ ಅರ್ಜಿ ತುಂಬಿದವನು ಮಡಿಕೇರಿಯ ಒಬ್ಬ ಏಜೆಂಟ್. ಉದ್ಯೋಗ ಎಂಬಲ್ಲಿ ಅವನು "ರೈಟರ್" ಎಂದು ಹಾಕಿದ್ದ. ನಾನೂ ಓದಿ ನೋಡಿ, ಸರಿಯಾಗಿದೆ ಎಂದಿದ್ದೆ.

ಹೊ ಚಿ ಮಿನ್ ನಗರದಲ್ಲಿ ಇಳಿದು ಸಾಲಿನಲ್ಲಿ ನಿಂತಾಗ ಗಾಜಿನ ಹಿಂದಿದ್ದ ಅಧಿಕಾರಿ ನನ್ನ ಕಾಗದ ನೋಡಿ ಮುಖ ಮೇಲೆತ್ತಿದರು. ಇಂಗ್ಲಿಷಿನಲ್ಲಿ ನಾವಿಬ್ಬರೂ ಒಂದೇ ತರಗತಿಯವರು.

"ರೈಟರ್? ಏನು ಬರೆಯುತ್ತೀರಿ?"

"ಜನರನ್ನು."

"ಎಂಥ ಜನ?"

"ಕೆಲಸ ಮಾಡುವವರು. ಯಾರು ಬಂದರು, ಯಾರು ಬರಲಿಲ್ಲ, ಯಾರು ಅರ್ಧಕ್ಕೆ ಎದ್ದು ಹೋದರು, ಎಲ್ಲ ಬರೆಯುತ್ತೇನೆ."

ಅವರು ಕನ್ನಡಕ ತೆಗೆದರು. "ಅದನ್ನು ಯಾರು ಓದುತ್ತಾರೆ?"

"ನಮ್ಮ ಯಜಮಾನರು ಒಬ್ಬರೇ."

"ಇಲ್ಲಿಗೆ ಯಾಕೆ ಬಂದಿರಿ?"

"ಇಲ್ಲಿ ಏನೇನು ನಡೆಯುತ್ತದೆ ಎಂದು ನೋಡಿಕೊಂಡು ಬಾ ಅಂತ ಅವರೇ ಕಳಿಸಿದ್ದಾರೆ."

ಬಾಯಿಂದ ಬಿದ್ದ ಮೇಲೆ ನನಗೇ ಅದು ಸರಿ ಕೇಳಿಸಲಿಲ್ಲ. ಅಧಿಕಾರಿ ಫೋನ್ ಎತ್ತಿದರು. ಇನ್ನೊಬ್ಬರು ಬಂದು ನನ್ನನ್ನು ಮರ್ಯಾದೆಯಿಂದಲೇ ಒಂದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ವಿದೇಶದ ನೆಲ ಮುಟ್ಟಿ ಹತ್ತು ನಿಮಿಷಕ್ಕೆ ನಾನು ಗೂಢಚಾರನಾಗಿದ್ದೆ.

ನಮ್ಮ ಗುಂಪಿನ ಹದಿನಾಲ್ಕು ಜನರಲ್ಲಿ ನನ್ನ ಸಹಾಯಕ್ಕೆ ಬಂದವರು ರುದ್ರಪ್ಪನವರು ಒಬ್ಬರೇ. ಶನಿವಾರಸಂತೆ ಕಡೆಯವರು, ಲಿಂಗಾಯತರು, ತೋಟವೂ ಇದೆ, ಮೆಣಸಿನ ವ್ಯಾಪಾರವೂ ಇದೆ. ಹೋಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆ ಎಂದು ಬೆಂಗಳೂರಿನಲ್ಲೇ ಗೊತ್ತಾಗಿತ್ತು. ಅವರು ಗಾಜಿನ ಮುಂದೆ ನಿಂತು ಗಿಡದಿಂದ ಹಣ್ಣು ಕೊಯ್ಯುವ ಹಾಗೆ ಎರಡೂ ಕೈ ಆಡಿಸಿ, "ಕಾಫಿ! ಸಾರ್, ಕಾಫಿ!" ಎಂದು ಕೂಗಿದರು. ಪಾಪ, ಆ ಅಧಿಕಾರಿ ಹೊರಗಡೆ ಕಾಫಿ ಅಂಗಡಿ ಇರುವ ದಿಕ್ಕಿಗೆ ಕೈ ತೋರಿಸಿದರು.

ಕೊನೆಗೆ ಹಿರಿಯರೊಬ್ಬರು ಬಂದು ಗುಂಪಿನ ಪತ್ರ ಓದಿದರು. ಆಮೇಲೆ ನನ್ನ ಅಂಗೈ ತಿರುಗಿಸಿ ನೋಡಿದರು. ಕಾಫಿ ಹಣ್ಣಿನ ಕರೆ ಹತ್ತಿದ ಬೆರಳು, ಮೊಂಡು ಉಗುರು. ನಕ್ಕು, "ಫಾರ್ಮರ್" ಎಂದು ಹೇಳಿ ಠಸ್ಸೆ ಒತ್ತಿದರು.

ಹೊರಗೆ ನಮ್ಮ ಗೈಡ್ ಹುಡುಗಿ ಲಾನ್ ಕಾಯುತ್ತಿದ್ದಳು. ಯಾಕೆ ತಡವಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ರುದ್ರಪ್ಪನವರು ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ ಹೇಳಿದರು: "ಇವರು ದೊಡ್ಡ ರೈಟರ್. ಅದಕ್ಕೇ ವಿಚಾರಣೆ." ಲಾನ್ ಎರಡು ಕೈ ಜೋಡಿಸಿ ಬಗ್ಗಿದಳು. ಬಸ್ಸಿನಲ್ಲಿ ಮುಂದಿನ ಸೀಟು ನನಗಾಯಿತು. ಸುಳ್ಳು ಹೇಳುವುದೇಕೆ, ನನಗೆ ಖುಷಿಯಾಯಿತು, ನಾನು ತಿದ್ದಲಿಲ್ಲ.

ಅದೇ ನಗರ, ಎರಡನೇ ದಿನ

ಈ ಊರಿನಲ್ಲಿ ರಸ್ತೆ ದಾಟುವುದು ಆನೆ ಬಂದ ತೋಟದಲ್ಲಿ ನಡೆದ ಹಾಗೆ. ಓಡಬಾರದು, ನಿಲ್ಲಬಾರದು, ಕಣ್ಣಿಗೆ ಕಣ್ಣು ಕೊಡಬಾರದು. ನಿಧಾನಕ್ಕೆ ನಡೆಯುತ್ತ ಹೋದರೆ ಸಾವಿರ ಸ್ಕೂಟರುಗಳು ನಮ್ಮ ಅಕ್ಕಪಕ್ಕದಲ್ಲಿ ಹರಿದು ಹೋಗುತ್ತವೆ, ಒಂದೂ ಮುಟ್ಟುವುದಿಲ್ಲ. ನಮ್ಮ ಗುಂಪಿನ ಬೆಂಗಳೂರು ವಾಸಿಗಳೆಲ್ಲ ಅತ್ತ ದಡದಲ್ಲೇ ನಿಂತಿದ್ದಾಗ ನಾನು ಎರಡು ಸಲ ದಾಟಿ ಬಂದೆ.

ರುದ್ರಪ್ಪನವರ ಕಷ್ಟ ಬೇರೆ. ಅವರು ಮೊಟ್ಟೆಯನ್ನೂ ಮುಟ್ಟದವರು. ಇಲ್ಲಿ ಅನ್ನದ ಮೇಲೆ ಸುರಿಯುವ ಕಂದು ನೀರಿನಲ್ಲೂ ಮೀನು. ಅವರು ತಂದಿದ್ದ ಚಟ್ನಿಪುಡಿಯ ಮೇಲೆ ಎರಡು ದಿನ ಬದುಕಿದರು. ನಾನು ಎದುರಿಗೇ ಕೂತು ಹಂದಿಮಾಂಸ ತಿನ್ನುತ್ತಿದ್ದರೆ, "ತಿನ್ರೀ, ತಿನ್ರೀ, ನಾನೇನೂ ಅನ್ಕಳಲ್ಲ" ಎಂದು ಗೋಡೆ ಕಡೆ ಮುಖ ಮಾಡಿ ಹೇಳುತ್ತಿದ್ದರು.

"ಈ ಊರ ಜನಕ್ಕೆ ಬರೀ ಟೀ ಹುಚ್ಚು ಕಣ್ರೀ" ಎಂದರು ಎರಡನೇ ಸಂಜೆ. ನಿಜ. ಬೀದಿಗೆ ಒಂದರಂತೆ, ಹಸಿರು ಬೋರ್ಡಿನ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ 'ಚಾಯ್' ಎಂದು ಬರೆದ ಅಂಗಡಿಗಳು. ನಮ್ಮ ಕಡೆ ಚಾಯದ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ನಮಗೆ ಗೊತ್ತು. ಹಸಿದ ಹೊಟ್ಟೆಗೆ ಟೀ ಯಾರಿಗೆ ಬೇಕು ಎಂದು ಒಂದೊಂದನ್ನೂ ದಾಟಿ ನಡೆದೆವು. ಒಬ್ಬ ಹೆಂಗಸು ಬಾಗಿಲಿಗೇ ಬಂದು, ರುದ್ರಪ್ಪನವರ ಹಣೆಯ ವಿಭೂತಿ ನೋಡಿಯೋ ಏನೋ, "ಚಾಯ್, ಚಾಯ್" ಎಂದು ಕೈಹಿಡಿದು ಕರೆದಳು. ಇವರು ಕೈ ಬಿಡಿಸಿಕೊಂಡು, "ಬ್ಯಾಡ ತಾಯಿ, ಊಟ ಬೇಕು, ಊಟ!" ಎಂದು ಕನ್ನಡದಲ್ಲೇ ಅಬ್ಬರಿಸಿದರು.

ಮೂರನೇ ದಿನ ಲಾನ್ ಹೇಳಿದಳು: ಅವರ ಭಾಷೆಯಲ್ಲಿ ಚಾಯ್ ಎಂದರೆ ಸಸ್ಯಾಹಾರ. ಅವೆಲ್ಲ ಮೀನು ಮೊಟ್ಟೆ ಇಲ್ಲದ ಊಟದ ಹೋಟೆಲುಗಳು.

ರುದ್ರಪ್ಪನವರು ಚಟ್ನಿಪುಡಿಯ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದರು. ಆಮೇಲೆ, "ಎರಡು ದಿವಸ ಅನ್ನಪೂರ್ಣೆನ ಬೈದ್ ಕಳಿಸ್ದೆ" ಎಂದರು.

ದಾಲಾತ್

ದಾಲಾತ್ ಬೆಟ್ಟದ ಮೇಲಿನ ಊರು. ಚಳಿ, ಮಂಜು, ಜಲಪಾತ, ಸ್ಟ್ರಾಬೆರಿ, ಕುದುರೆ. ಬಸ್ಸಿನಿಂದ ಇಳಿದ ಹದಿನಾಲ್ಕು ಜನರೂ ಒಂದೇ ಉಸಿರಿಗೆ ಹೇಳಿದ್ದು, "ಥೇಟ್ ನಮ್ಮ ಮಡಿಕೇರಿ!" ಮಡಿಕೇರಿಯ ಹಾಗೆಯೇ ಇದ್ದ ಊರನ್ನು ನೋಡಲು ಮಡಿಕೇರಿ ಬಿಟ್ಟು ಬಂದವರ ಸಂತೋಷ ಅದು. ಆಮೇಲೆ ಮೂರು ದಿನ ಯಾವುದನ್ನು ನೋಡಿದರೂ ಇದೇ ಪಾಠ. ಕೆರೆ ಕಂಡರೆ, ನಮ್ಮಲ್ಲಿ ಇದಕ್ಕಿಂತ ದೊಡ್ಡದಿದೆ. ಜಲಪಾತ ಕಂಡರೆ, ನಮ್ಮಲ್ಲಿ ಇದಕ್ಕಿಂತ ನೀರಿದೆ. ಹೊಂಡ ಬಿದ್ದ ರಸ್ತೆ ಹುಡುಕಿದರು, ಸಿಗಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಯಾರೂ ಹೋಲಿಸಲಿಲ್ಲ.

ಊರಲ್ಲಿ ನಾವು ವಾರಾಂತ್ಯದ ಪ್ರವಾಸಿಗರನ್ನು ಬಾಯಿತುಂಬ ಬೈಯುವವರು. ರಸ್ತೆ ಮಧ್ಯೆ ಕಾರು ನಿಲ್ಲಿಸುತ್ತಾರೆ, ಕಂಡವರ ಗೇಟಿನೊಳಗೆ ನುಗ್ಗುತ್ತಾರೆ, ಕಿರುಚುತ್ತಾರೆ. ದಾಲಾತಿನ ತಿರುವೊಂದರಲ್ಲಿ ಮಂಜು ಏಳುತ್ತಿದ್ದುದನ್ನು ಕಂಡು ನಮ್ಮವರು ಬಸ್ಸು ನಿಲ್ಲಿಸಿದರು. ಇಬ್ಬರು ಪಕ್ಕದ ಕೋಸುಗಡ್ಡೆ ಹೊಲಕ್ಕೆ ಇಳಿದು ಫೋಟೊ ತೆಗೆಸಿಕೊಂಡರು. ಒಬ್ಬರು ಫೋನಿನಲ್ಲಿ ವಾಲಗ ಹಾಕಿದರು; ಏಳೆಂಟು ಜನ ರಸ್ತೆಯಲ್ಲೇ ಕುಣಿದರು. ಹಿಂದೆ ಗಾಡಿಗಳು ಸಾಲುಗಟ್ಟಿದವು. ಹೊಲದ ಯಜಮಾನ ಮನೆಯಿಂದ ಹೊರಬಂದು ಸೊಂಟಕ್ಕೆ ಕೈಕೊಟ್ಟು ನಿಂತ. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ಪ್ರತಿ ಭಾನುವಾರ ನಮ್ಮ ಗೇಟಿನ ಹತ್ತಿರ ನಾನು ನಿಲ್ಲುವುದೂ ಹಾಗೆಯೇ. ನಾಚಿಕೆಯಾಗಿ ಬಸ್ಸು ಹತ್ತಿ ಕೂತೆ.

ಅಲ್ಲೊಂದು ಕಡೆ ಬಲು ವಿಶೇಷದ ಕಾಫಿ ಕೊಡುತ್ತಾರೆಂದು ಕರೆದೊಯ್ದರು. ರುದ್ರಪ್ಪನವರು ಮೊದಲೇ ವಿಚಾರಿಸಿದರು: ಮೊಟ್ಟೆ ಇಲ್ಲವಾ? ಇಲ್ಲ. ಮೀನು? ಇಲ್ಲ. ಮಾಂಸ? ಇಲ್ಲವೇ ಇಲ್ಲ. ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದು, "ಘಮ ಅಂದ್ರೆ ಇದು ಕಣ್ರೀ ರೈಟ್ರೇ" ಎಂದರು. ಲೋಟ ಖಾಲಿಯಾದ ಮೇಲೆ ಅಂಗಡಿಯವಳು ಹಿತ್ತಲಿಗೆ ಕರೆದುಕೊಂಡು ಹೋಗಿ ಪಂಜರ ತೋರಿಸಿದಳು. ಒಳಗೆ ಪುನುಗು ಬೆಕ್ಕುಗಳು. ಅವು ಕಾಫಿ ಹಣ್ಣು ತಿಂದು ಹಿಕ್ಕೆ ಹಾಕುತ್ತವೆ, ಆ ಹಿಕ್ಕೆಯ ಬೀಜದಿಂದ ಮಾಡಿದ ಕಾಫಿ. ನಮ್ಮ ತೋಟದ ಬಂಡೆಗಳ ಮೇಲೆ ಅದೇ ಬೆಕ್ಕು ಪುಕ್ಕಟೆಯಾಗಿ ಹಾಕಿ ಹೋಗುವುದನ್ನು ನಾನು ಮೂವತ್ತೊಂದು ವರ್ಷದಿಂದ ದಾಟಿಕೊಂಡು ನಡೆದಿದ್ದೇನೆ.

ರುದ್ರಪ್ಪನವರು ಲೋಟವನ್ನೂ ನನ್ನನ್ನೂ ನೋಡಿದರು. "ಇದು ಮಾಂಸಾಹಾರನೋ ಸಸ್ಯಾಹಾರನೋ?"

"ಬೆಕ್ಕಿಗೆ ಸಸ್ಯಾಹಾರ" ಎಂದೆ. ಅಂದು ರಾತ್ರಿ ಅವರು ನನ್ನೊಡನೆ ಮಾತು ಬಿಟ್ಟರು.

ಬುವಾನ್ ಮಾ ಥುವತ್

ಇದು ಅವರ ಕಾಫಿ ಸೀಮೆ. ನಾವು ಬಂದದ್ದು ಇದಕ್ಕೇ. ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕು: ತೋಟ ಕಂಡು ದಂಗಾದೆ. ಕಣ್ಣು ಹರಿದಷ್ಟು ದೂರ ಒಂದು ದೊಡ್ಡ ಮರ ಇಲ್ಲ. ಕೆಂಪು ಮಣ್ಣು, ದಾರ ಹಿಡಿದು ನೆಟ್ಟಂಥ ಸಾಲು, ಪ್ರತಿ ಗಿಡದ ಬುಡಕ್ಕೂ ನೀರಿನ ಪೈಪು. ರೆಕ್ಕೆಯಲ್ಲಿ ಎಲೆಗಿಂತ ಕಾಯಿ ಹೆಚ್ಚು. ನಮ್ಮವರು ಗಿಡವನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಂಡರು. ಹೆಂಡತಿಯ ಪಕ್ಕದಲ್ಲಿ ಅಷ್ಟು ಹತ್ತಿರ ನಿಂತ ಫೋಟೊ ಇವರಲ್ಲಿ ಒಬ್ಬರ ಮನೆಯಲ್ಲೂ ಇರಲಾರದು.

ರುದ್ರಪ್ಪನವರಂತೂ ಗೊಂಚಲು ಹಿಡಿದುಕೊಂಡು ಬಿಡಲೇ ಇಲ್ಲ. "ನಮ್ಮಪ್ಪ ಮರ ನೆಟ್ಟ, ನಾನು ಎಲೆ ಗುಡಿಸ್ದೆ. ಮೂವತ್ತು ವರ್ಷ ಇದೇ ಆಯ್ತು" ಎಂದರು. ಅವರ ದನಿಯಲ್ಲಿ ನಿಜವಾದ ಸಂಕಟ ಇತ್ತು. ಅಲ್ಲೇ ನಿಂತು ಊರಿಗೆ ಫೋನ್ ಮಾಡಿ, ಮರ ಕಡಿಯುವವನಿಗೆ ತಯಾರಾಗಿರಲು ಹೇಳಿದರು.

ನನ್ನ ಮನಸ್ಸೂ ಆಗಲೇ ಅರ್ಧ ವಾಲಿತ್ತು. ಹೌದು ಎನ್ನುವುದು ಸುಲಭ. ಸಾವ್ಕಾರ್ರಿಗೆ ಬೇಕಾದ್ದೂ ಅದೇ.

ತೋಟದ ಯಜಮಾನ ಮಧ್ಯಾಹ್ನ ಊಟ ಹಾಕಿದ. ಊಟದ ನಡುವೆ ಲಾನ್ ಎದ್ದು ನಿಂತು ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು. "ನ್ಯಾ ವಾನ್" ಎಂಬ ಎರಡು ಮಾತು ಕೇಳಿಸಿತು. ಸಾಹಿತಿ ಎಂದು ಅರ್ಥವಂತೆ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಬರೆದದ್ದನ್ನು ಏನಾದರೂ ಓದಬೇಕಂತೆ.

"ಓದ್ರೀ ಸಾಹಿತಿಗಳೇ" ಎಂದು ರುದ್ರಪ್ಪನವರು ತೊಡೆ ಚಿವುಟಿದರು. ನಮ್ಮವರೆಲ್ಲ ಕೆಳಗೆ ಮುಖ ಹಾಕಿ ನಗು ತಡೆಯುತ್ತಿದ್ದರು. ಈಗ ಸತ್ಯ ಹೇಳಿದರೆ ಇಷ್ಟು ದಿನ ಮುಂದಿನ ಸೀಟಿನಲ್ಲಿ ಕೂತದ್ದು ಯಾಕೆ ಎಂದಾಗುತ್ತದೆ. ಜೇಬಿನಲ್ಲಿ ಇದ್ದದ್ದು ತೋಟದ ಚಿಕ್ಕ ನೋಟುಪುಸ್ತಕ ಒಂದೇ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಹೊರಡುವ ಹಿಂದಿನ ದಿನದ ಹಾಜರಿಯನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಓದಿದೆ, ಲಾನ್ ಒಂದೊಂದನ್ನೂ ಅವರ ಭಾಷೆಗೆ ತಿರುಗಿಸಿದಳು:

"ಲಕ್ಷ್ಮಿ, ಬಂದಿದ್ದಾಳೆ. ಸರೋಜ, ಬಂದಿದ್ದಾಳೆ. ಬಶೀರ್, ಬಂದಿಲ್ಲ. ಕಾವೇರಿ, ಅರ್ಧ ದಿನ. ಮುತ್ತು, ಬಂದಿದ್ದಾನೆ. ಮುತ್ತುವಿನ ಹೆಂಡತಿ, ಆಸ್ಪತ್ರೆ. ಬಶೀರ್, ಬಂದಿಲ್ಲ."

ಗಾಬರಿಯಲ್ಲಿ ಬಶೀರನನ್ನು ಎರಡು ಸಲ ಓದಿದ್ದೆ. ಪುಸ್ತಕ ಮುಚ್ಚಿದೆ. ಆಮೇಲೆ ಜೋರಾದ ಚಪ್ಪಾಳೆ. ಲಾನ್ ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಕೇಳಿದಳು: "ಬಶೀರ್ ಯಾಕೆ ಬರಲೇ ಇಲ್ಲ?"

"ಅವನ ತಂಗಿಯ ಮದುವೆ ಇತ್ತು" ಎಂದೆ. ಅವಳು ತಲೆದೂಗಿದಳು.

ಹಿಂದಿನ ಗುಡ್ಡ

ಊಟ ಮುಗಿದ ಮೇಲೆ ಮನೆಯ ಒಬ್ಬ ಮುದುಕಿ ಲಾನ್‌ಳನ್ನು ಕರೆದುಕೊಂಡು ನನ್ನ ಹತ್ತಿರ ಬಂದಳು. ತೋಟದ ಯಜಮಾನನ ಅಕ್ಕ. ಹೆಸರು ಹ್ವಾ, ಹೂವು ಎಂದು ಅರ್ಥ ಎಂದು ಲಾನ್ ಹೇಳಿದಳು. ನನಗೆ ಆಗಿನಿಂದ ಅವಳು ಹೂವಮ್ಮ.

"ಇವರೆಲ್ಲ ಮುಂದಿನದರ ಫೋಟೊ ತೆಗೆದುಕೊಂಡು ಹೋಗುತ್ತಾರೆ" ಎಂದಳು ಹೂವಮ್ಮ, ಲಾನ್ ಅದನ್ನು ನನಗೆ ತಿರುಗಿಸಿ ಹೇಳಿದಳು. "ನೀವು ಬರೆಯುವವರು. ಬನ್ನಿ, ನಿಮಗೆ ಹಿಂದಿನದು ತೋರಿಸುತ್ತೇನೆ."

ಮನೆಯ ಹಿಂದೆ ಒಂದು ದಿಬ್ಬ ಹತ್ತಿ ಇಳಿದರೆ ಅವಳ ಪಾಲಿನ ಮೆಣಸಿನ ತೋಟ. ಕಾಂಕ್ರೀಟ್ ಕಂಬಗಳು ಸಾಲು ಸಾಲಾಗಿ ನಿಂತಿವೆ. ಬಳ್ಳಿ ಇಲ್ಲ. ಕೆಲವು ಕಂಬಗಳಿಗೆ ಒಣಗಿದ ನಾರು ಸುತ್ತಿಕೊಂಡಿತ್ತು, ಮುಟ್ಟಿದರೆ ಉದುರಿತು. ನಾನು ಅಭ್ಯಾಸದಿಂದ ಫೋನ್ ತೆಗೆದೆ. ಅವಳು ಕೈ ಅಡ್ಡ ಹಿಡಿದಳು. ಫೋಟೊ ಬೇಡವಂತೆ. ನೆಂಟರ ಮನೆಗೆ ಬಂದವರು ಯಾರಾದರೂ ಮಸಣದ ಫೋಟೊ ತೆಗೆಯುತ್ತಾರೆಯೇ ಎಂದು ಕೇಳಿದಳು.

ಅಲ್ಲೂ ಹಿಂದೆ ದೊಡ್ಡ ಮರಗಳಿದ್ದವು. ಮೆಣಸಿಗೆ ಬೆಲೆ ಬಂದ ಕಾಲದಲ್ಲಿ ಅವಳೂ ಗಂಡನೂ ಎಲ್ಲ ಕಡಿಸಿ ಕಂಬ ನಿಲ್ಲಿಸಿದರು. ಕೆಲವು ವರ್ಷ ಮನೆ ತುಂಬ ಮೆಣಸು. ಗೊಬ್ಬರ ಹೆಚ್ಚಿಸಿದರು, ನೀರು ಹೆಚ್ಚಿಸಿದರು, ಬಾವಿಯನ್ನು ವರ್ಷ ವರ್ಷ ಆಳ ಮಾಡಿದರು. ಆಮೇಲೆ ಒಂದು ಮಳೆಗಾಲದಲ್ಲಿ ಸೊರಗು ರೋಗ ಬಂತು. ಆ ಒಂದೇ ಮಳೆಗಾಲದಲ್ಲಿ ಗುಡ್ಡ ಖಾಲಿಯಾಯಿತು. ತಮ್ಮನ ಕಾಫಿ ಈಗ ಚೆನ್ನಾಗಿದೆ, ಆದರೆ ಅವನ ಬಾವಿಯೂ ಮಾರ್ಚಿಗೆ ತಳ ತೋರಿಸುತ್ತದೆ. ಬಂದವರಿಗೆ ಅವನು ಅದನ್ನು ಹೇಳುವುದಿಲ್ಲ ಎಂದಳು.

ಕಂಬಗಳ ನಡುವೆ ಅಲ್ಲಲ್ಲಿ ಅವಳು ಮರದ ಸಸಿ ನೆಟ್ಟಿದ್ದಳು. ನನ್ನ ಮೊಣಕಾಲಿನಷ್ಟು ಎತ್ತರ. "ನಿಮ್ಮ ಊರಿನ ಮರಗಳು ಇನ್ನೂ ಇವೆಯಂತೆ. ತೋರಿಸಿ" ಎಂದು ಕೇಳಿದಳು.

ಫೋನಿನಲ್ಲಿ ಮರದ ಫೋಟೊಗಳಿದ್ದವು. ಮರ ಕಡಿಯುವ ಕಂಟ್ರಾಕ್ಟರಿಗೆ ಕಳಿಸಲೆಂದು ತೆಗೆದದ್ದು. ಬೇರೆ ಇರಲಿಲ್ಲ, ಅವನ್ನೇ ತೋರಿಸಿದೆ. ಹೂವಮ್ಮ ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಲಾನ್ ಬುಡದ ಬಿಳಿ ನಂಬರ್ ಕಂಡು ಕೂಗಿಕೊಂಡಳು: "ನಿಮ್ಮಲ್ಲಿ ಮರಗಳಿಗೂ ನಂಬರ್ ಕೊಟ್ಟು ಕಾಪಾಡುತ್ತೀರಾ!" ಅವಳು ಅದನ್ನು ತಮ್ಮ ಭಾಷೆಗೆ ತಿರುಗಿಸುತ್ತಿದ್ದ ಹಾಗೆ ಮುದುಕಿಯ ಮುಖ ಅರಳಿತು. ನನ್ನ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

ಅಲ್ಲ ಎನ್ನಬೇಕಿತ್ತು. ಹೌದು ಎಂದು ತಲೆ ಆಡಿಸಿದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅವಳ ಮುಖ ನೋಡಲಾಗದೆ ನೋಟುಪುಸ್ತಕ ತೆಗೆದೆ. ಕತೆ ಬರೆಯಲು ನನಗೆ ಬರುವುದಿಲ್ಲ. ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಮೊದಲ ಸಾಲಿನ ತಲೆಯಿಂದ ಹಿಡಿದು ಕೊನೆಯ ಸಾಲಿನವರೆಗೆ ನಡೆದು, ಬುಡ ಕೆದಕಿ ನೋಡುತ್ತ, ನಮ್ಮ ತೋಟದಲ್ಲಿ ಬರೆಯುವ ಹಾಗೆಯೇ ಬರೆದುಕೊಂಡೆ. ಹೂವಮ್ಮ ದಿಬ್ಬದ ಮೇಲೆ ಕೂತು ನಾನು ಮುಗಿಸುವವರೆಗೆ ಕಾದಳು.

ಬಸ್ಸಿನಲ್ಲಿ

ಬಸ್ಸು ಹತ್ತಿದ ಕೂಡಲೇ ರುದ್ರಪ್ಪನವರಿಗೆ ಎಲ್ಲ ಹೇಳಿದೆ. ಹೂವಮ್ಮ, ಕಂಬ, ರೋಗ, ಬಾವಿ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಬಸ್ಸಿಗೆಲ್ಲ ಕೇಳುವ ಹಾಗೆ ನಕ್ಕರು.

"ನೀವು ಸಾಹಿತಿ ಕಣ್ರೀ. ನಿಮ್ಗೆ ಸತ್ತ ಬಳ್ಳಿನೇ ಕಾಣ್ತದೆ. ನಾನು ವ್ಯಾಪಾರಸ್ಥ, ನಂಗೆ ಗೊಂಚಲು ಕಾಣ್ತದೆ."

"ಅಯ್ಯೋ, ನಾನೆಲ್ಲಿಯ ಸಾಹಿತಿ! ಹೆಸರಿಟ್ಟವರು ನೀವೇ ಅಲ್ವಾ?"

"ನಾನಿಟ್ರೆ ಏನಂತೆ, ಕೆಲಸ ಚೆನ್ನಾಗೇ ಕಲ್ತಿದ್ದೀರಿ. ಅಜ್ಜಿ, ಒಣಗಿದ ಗುಡ್ಡ, ಕಣ್ಣೀರು! ಒಳ್ಳೆ ಕತೆ."

ಬಸ್ಸೆಲ್ಲ ನಕ್ಕಿತು. ಸಿಟ್ಟು ಬಂದು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತೆ. ಇಷ್ಟು ದಿನ ಸುಖ ಕೊಟ್ಟ ತಮಾಷೆ ಈಗ ನನ್ನ ಬಾಯಿಗೇ ಬೀಗ ಹಾಕಿತ್ತು. ಹತ್ತು ದಿನ ಒಟ್ಟಿಗೆ ಉಂಡು ಮಲಗಿದ ಮನುಷ್ಯ ನನ್ನ ಮಾತು ನಂಬಲಿಲ್ಲವಲ್ಲ ಎಂದು ತುಂಬ ಬೇಜಾರಾಯಿತು.

ತೋಟದ ಆಫೀಸು

ಊರಿಗೆ ಬಂದ ಮಾರನೇ ಬೆಳಿಗ್ಗೆ ಆಫೀಸಿಗೆ ಹೋದೆ. ಸಾವ್ಕಾರ್ರು ಕಾಲು ಸ್ಟೂಲಿನ ಮೇಲಿಟ್ಟು ಕೂತಿದ್ದರು. "ಬನ್ನಿ ಬನ್ನಿ ಸಾಹಿತಿಗಳೇ" ಎಂದರು. ಗುಂಪಿನವರ ಸುದ್ದಿ ನನಗಿಂತ ಮುಂಚೆ ಮನೆ ತಲುಪಿತ್ತು. ಅವರ ಫೋನಿನಲ್ಲಿ ಹದಿಮೂರು ಜನ ಕಳಿಸಿದ ಗೊಂಚಲುಗಳ ಫೋಟೊ ಇತ್ತು. "ಎಲ್ಲರೂ ಕಡಿಸಿ ಅಂತಾರೆ. ನೀನು ಏನು ಹೇಳ್ತಿ?"

"ಬೇಡ ಸಾವ್ಕಾರ್ರೇ." ಹೂವಮ್ಮನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಬಸ್ಸಿನಲ್ಲಿ ಹೇಳಿದ್ದಕ್ಕಿಂತ ಉದ್ದವಾಯಿತು, ಅದರಿಂದ ಮಾತು ಇನ್ನಷ್ಟು ಕೆಟ್ಟಿತು.

ಅವರು ನಗಲಿಲ್ಲ, ಆದರೆ ನಂಬಲೂ ಇಲ್ಲ. "ಚೆಂದ ಹೇಳ್ತಿ. ಫೋಟೊ ಎಲ್ಲಿ?"

"ತೆಗೀಲಿಲ್ಲ."

"ಹದಿಮೂರು ಜನ ಫೋಟೊ ತಂದರು. ನೀನೊಬ್ಬ ಕತೆ ತಂದೆ."

ಮೂವತ್ತೊಂದು ವರ್ಷದಲ್ಲಿ ಅವರು ನನ್ನ ಮಾತನ್ನು ಕತೆ ಎಂದದ್ದು ಅದೇ ಮೊದಲು. ಬೇರೆ ದಾರಿ ತೋಚದೆ ನೋಟುಪುಸ್ತಕವನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಮೊದಲನೇ ಸಾಲು, ಕಂಬ ಹದಿನೆಂಟು, ಬಳ್ಳಿ ಇಲ್ಲ. ಎರಡನೇ ಸಾಲು, ಕಂಬ ಹದಿನೆಂಟು, ಬಳ್ಳಿ ಇಲ್ಲ. ಮೂರನೇ ಸಾಲು, ಕಂಬ ಹದಿನೇಳು, ಒಂದು ಮುರಿದಿದೆ, ಬಳ್ಳಿ ಇಲ್ಲ. ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಬೆರಳು ಒಂದು ಕಡೆ ನಿಂತಿತು.

"ಒಂಬತ್ತನೇ ಸಾಲಿನಲ್ಲಿ ಎರಡು ಬಳ್ಳಿಗೆ ಇನ್ನೂ ಜೀವ ಇದೆ ಅಂತ ಬರ್ದಿದ್ದೀಯ. ಬುಡ ನೋಡಿದ್ಯಾ?"

"ಕೆದಕಿ ನೋಡಿದೆ. ಬೇರು ಕಪ್ಪು. ಎಳೆದರೆ ಸಿಪ್ಪೆ ಕೈಗೆ ಬರ್ತದೆ."

"ನೀರು ನಿಂತಿತ್ತಾ?"

"ಇಲ್ಲ, ಇಳಿಜಾರು. ಮಣ್ಣು ಬರೀ ಪುಡಿ. ಒಂದು ಎರೆಹುಳ ಕಾಣಲಿಲ್ಲ."

ಅವರು ಕೊನೆಯ ಸಾಲಿನವರೆಗೆ ಓದಿದರು. ಕನ್ನಡಕ ತೆಗೆದು ಕಿಟಕಿಯ ಹೊರಗೆ, ಮೇಲಿನ ಪಾಲಿನ ಕಡೆಗೆ ತುಂಬ ಹೊತ್ತು ನೋಡಿದರು. "ಪಾಪದ ಹೆಂಗಸು" ಎಂದರು. ಆಮೇಲೆ, "ಮಿಷನಿನವನಿಗೆ ಫೋನ್ ಮಾಡು. ಬರೋದು ಬೇಡ ಅನ್ನು."

ಫೋನ್ ಮಾಡಿದೆ. ಮಾಡುವಾಗ ಕಣ್ಣಲ್ಲಿ ನೀರು ಬಂತು. ಸಾವ್ಕಾರ್ರು ಕಂಡೂ ಕಾಣದವರ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅಂಗಳಕ್ಕೆ ಬಂದ ಮೇಲೆ ರುದ್ರಪ್ಪನವರ ನೆನಪಾಯಿತು. ನನ್ನ ತಪ್ಪು ಆಗ ಹೊಳೆಯಿತು. ಬಸ್ಸಿನಲ್ಲಿ ಅವರಿಗೆ ನಾನು ಅಜ್ಜಿಯ ಕತೆ ಹೇಳಿದ್ದೆ, ಈ ಪುಸ್ತಕ ತೋರಿಸಿರಲಿಲ್ಲ. ಮೆಣಸು ಬೆಳೆದ ಮನುಷ್ಯ, ಸಾಲು ಸಾಲಾಗಿ ಓದಿ ಹೇಳಿದರೆ ಅವರೂ ನಂಬುತ್ತಾರೆ. ಅಲ್ಲೇ ನಿಂತು ಶನಿವಾರಸಂತೆಗೆ ಫೋನ್ ಹಚ್ಚಿದೆ. ಎತ್ತಿದ ಕೂಡಲೇ, ಅವರು ಮಾತಾಡುವ ಮುಂಚೆ, ಓದಲು ಶುರು ಮಾಡಿದೆ: "ಮೊದಲನೇ ಸಾಲು, ಕಂಬ ಹದಿನೆಂಟು, ಬಳ್ಳಿ ಇಲ್ಲ. ಎರಡನೇ ಸಾಲು..."

"ಯಾರು, ರೈಟ್ರಾ?" ರುದ್ರಪ್ಪನವರು ಆ ಕಡೆಯಿಂದ ಕೂಗಿದರು. "ಸ್ವಲ್ಪ ಜೋರಾಗಿ ಹೇಳ್ರೀ. ಇಲ್ಲಿ ಮಿಷನ್ ಸದ್ದಿಗೆ ಒಂದೂ ಕೇಳಿಸ್ತಿಲ್ಲ."